ನವಣೆಯ ತೂಕ

ದೇವರ ಮೇಲಿನ ನಂಬಿಕೆಗೆ ಸೊನ್ನೆ ಹಾಕು ಅಂದೆ. ಅತ್ತೆ ಮುಖ ಸಿಂಡರಿಸಿದರು. ಮಗಳು ಸೈಕಾಲಜಿ ಓದುತ್ತಿದ್ದಾಳೆ. ಅವಳ ಕೈಲಿದ್ದ ಪಟ್ಟಿಯಲ್ಲಿ 21 ಹೇಳಿಕೆ, ಒಂದೊಂದಕ್ಕೆ 0ಯಿಂದ 5ರವರೆಗೆ ಅಂಕ. ದೊಡ್ಡ ಪೆಟ್ಟು ತಿಂದವರ ಮನಸ್ಸು ಆಮೇಲೆ ಎಲ್ಲೆಲ್ಲಿ ಬೆಳೆದಿದೆ ಎಂದು ನೋಡಲು ಅಮೆರಿಕದ ಮನೋವಿಜ್ಞಾನಿಗಳಾದ ಟೆಡೆಸ್ಕಿ ಮತ್ತು ಕ್ಯಾಲ್‌ಹೂನ್ 1996ರಲ್ಲಿ ಪ್ರಕಟಿಸಿದ್ದು. ಹಾಗೆ ಬೆಳೆಯುವುದಕ್ಕೆ ಆಘಾತೋತ್ತರ ಬೆಳವಣಿಗೆ ಅಂತ ಹೆಸರು. ಜನರೊಂದಿಗಿನ ನಂಟು, ಬದುಕಿನ ಬೆಲೆ, ತನ್ನ ಗಟ್ಟಿತನ, ಅಧ್ಯಾತ್ಮ, ಹೊಸ ದಾರಿ, ಹೀಗೆ ಐದು ಕಡೆ ಹುಡುಕುತ್ತಾರೆ.

ಹೊಸ ದಾರಿಗೆ ಪೂರಾ ಅಂಕ ಕೊಟ್ಟೆ. ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ಕ್ಯಾನ್ಸರ್ ಆಗಿ ಎಡಗಡೆಯ ಸ್ತನ ತೆಗೆದ ಮೇಲೆ ನಾನೇ ಹೊಲಿದ ಬ್ಲೌಸು ನನಗೇ ಕೂರಲಿಲ್ಲ. ಬರೀ ಹತ್ತಿ ತುಂಬಿದರೆ ಹಗುರ, ಕೈ ಎತ್ತಿದರೆ ಆ ಬದಿ ಮೇಲಕ್ಕೆ ಸರಿಯುತ್ತದೆ. ತೂಕಕ್ಕೆ ನವಣೆ ಸೇರಿಸಿ ಪುಟ್ಟ ದಿಂಬು ಮಾಡಿದೆ, ಲೈನಿಂಗ್‌ನಲ್ಲಿ ಅದಕ್ಕೊಂದು ಜೇಬು, ಒಗೆಯುವಾಗ ತೆಗೆದಿಡಬಹುದು. ಈಗ ಆಪರೇಷನ್ ಆದವರು ಹುಡುಕಿಕೊಂಡು ಬರುತ್ತಾರೆ.

ಹಾಗಂತ ಕ್ಯಾನ್ಸರ್ ಬಂದಿದ್ದೇ ಒಳ್ಳೆಯದಾಯಿತು ಎಂದು ಯಾರಾದರೂ ಅಂದರೆ ಮೈ ಉರಿಯುತ್ತದೆ. ಬೆಳೆಸುವುದು ಗಡ್ಡೆಯಲ್ಲ. ಹೊತ್ತಿಗೆ ಸರಿಯಾಗಿ ಉಂಡು, ಯಾರಿಗೂ ಕೇಡು ಬಗೆಯದೆ ಇದ್ದರೆ ಏನೂ ಆಗದು ಎಂಬ ನಂಬಿಕೆ ರಿಪೋರ್ಟ್ ಬಂದ ದಿನ ಮುರಿಯುತ್ತದೆ. ಮೊದಮೊದಲು ಬೇಡವೆಂದರೂ ನುಗ್ಗುವ ಯೋಚನೆ. ಕಿಮೋ ಮುಗಿದು ತಿಂಗಳುಗಳಾದ ಮೇಲೆ ನಾವೇ ಕೂತು ಮಾಡುವ ಯೋಚನೆ ಬೇರೆ: ಇನ್ನು ಹೇಗೆ ಬದುಕಲಿ, ಯಾವುದನ್ನು ಬಿಡಲಿ? ಬೆಳವಣಿಗೆ ಈ ಎರಡನೆಯದರಿಂದ ಎನ್ನುತ್ತಾರೆ ತಿಳಿದವರು.

ಮಾತೂ ಬೇಕು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾರ್ಡೋವಾ ಎಂಬ ಸಂಶೋಧಕ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಆದವರನ್ನು ಅದೇ ವಯಸ್ಸಿನ ಆರೋಗ್ಯವಂತ ಹೆಂಗಸರ ಜೊತೆ ಹೋಲಿಸಿದರು. ಬೆಳವಣಿಗೆ ಕಾಯಿಲೆಯಾದವರಲ್ಲೇ ಹೆಚ್ಚು. ಅದರಲ್ಲೂ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದವರಲ್ಲಿ. ಆದರೆ ಬೆಳೆದವರಿಗೆ ಸಂಕಟ ಕಡಿಮೆ ಅಂತೇನೂ ಕಾಣಲಿಲ್ಲ. ನಿಜವೇ. ಮ್ಯಾಮೊಗ್ರಾಮ್‌ಗೆ ಹೋಗುವ ಹಿಂದಿನ ರಾತ್ರಿ ನನಗೆ ಇವತ್ತಿಗೂ ನಿದ್ದೆಯಿಲ್ಲ.

ಬಾರ್ಬರಾ ಎರೆನ್‌ರೈಕ್ ಎಂಬ ಅಮೆರಿಕದ ಲೇಖಕಿ, ತಮಗೇ ಸ್ತನ ಕ್ಯಾನ್ಸರ್ ಆದಾಗ, ರೋಗಿ ನಗುನಗುತ್ತಲೇ ಇರಬೇಕೆಂಬ ಒತ್ತಾಯದ ಬಗ್ಗೆ ಸಿಟ್ಟಿನಿಂದ ಬರೆದರು. ನಾನು ಅವರ ಪಕ್ಷ. ಅಂಗಡಿಗೆ ಬರುವವರಲ್ಲಿ ಕಾಯಿಲೆಯಿಂದ ಏನೂ ಕಲಿಯದವರು, ಬರೀ ಸುಸ್ತಾದವರು ಬೇಕಾದಷ್ಟಿದ್ದಾರೆ. ಅವರಿಗೆ ‘ಪಾಸಿಟಿವ್ ಆಗಿರಿ’ ಅನ್ನುವುದಿಲ್ಲ. ಅಳತೆ ತಗೊಂಡು, ಕೈ ಊದುತ್ತದಲ್ಲ ಅಕ್ಕ, ಆ ಕಡೆ ತೋಳು ಸ್ವಲ್ಪ ಸಡಿಲ ಇಡಲಾ ಅಂತ ಕೇಳುತ್ತೇನೆ.