ತರಬೇತಿಯ ಖರ್ಚಿಗೆ ಲೆಕ್ಕವಿದೆ, ಫಲಕ್ಕೆ ಲೆಕ್ಕವೆಲ್ಲಿ?

ಹೊಸ ಯಂತ್ರವೊಂದನ್ನು ಕೊಳ್ಳುವ ಮೊದಲು ಸಣ್ಣ ಕೈಗಾರಿಕೋದ್ಯಮಿಗಳು ಹತ್ತು ಬಾರಿ ಯೋಚಿಸುತ್ತಾರೆ. ಮೂರು ಕಡೆಗಳಿಂದ ದರಪಟ್ಟಿ ತರಿಸುತ್ತಾರೆ, ಗಂಟೆಗೆ ಎಷ್ಟು ನಗಗಳು ಹೊರಬರುತ್ತವೆಂದು ವಿಚಾರಿಸುತ್ತಾರೆ, ಹಾಕಿದ ಹಣ ಮರಳಲು ಎಷ್ಟು ತಿಂಗಳು ಬೇಕೆಂದು ಲೆಕ್ಕ ಹಾಕುತ್ತಾರೆ. ಅದೇ ಉದ್ಯಮಿಗಳು ಕೆಲಸಗಾರರನ್ನು ತರಬೇತಿಗೆ ಕಳುಹಿಸುವಾಗ ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳುವುದು ಅಪರೂಪ. ಕೊನೆಯ ದಿನ ಸಂಜೆ ಪ್ರಮಾಣಪತ್ರ ವಿತರಣೆ, ಒಂದು ಸಮೂಹ ಛಾಯಾಚಿತ್ರ, ‘ಕಾರ್ಯಕ್ರಮ ಹೇಗಿತ್ತು’ ಎಂದು ಕೇಳುವ ಅಭಿಪ್ರಾಯ ಪತ್ರ; ಅಲ್ಲಿಗೆ ವಿಷಯ ಮುಗಿಯುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕದ ಪುಸ್ತಕದಲ್ಲಿ ಉಳಿಯುವುದು ಖರ್ಚಿನ ಸಾಲು ಮಾತ್ರ. ವ್ಯಾಪಾರ ಇಳಿಮುಖವಾದ ಮೊದಲ ತಿಂಗಳಲ್ಲೇ ಆ ಸಾಲಿಗೆ ಕತ್ತರಿ ಬೀಳುತ್ತದೆ. ಫಲವನ್ನು ಅಳೆದಿರದ ಕಾರಣ, ಕತ್ತರಿಸಿದ್ದು ಕಳೆಯೋ ಬೆಳೆಯೋ ಎಂಬುದು ಮಾಲೀಕರಿಗೆ ತಿಳಿಯುವುದೇ ಇಲ್ಲ.

ನಾಲ್ಕು ಮೆಟ್ಟಿಲುಗಳು

ತರಬೇತಿಯ ಮೌಲ್ಯಮಾಪನಕ್ಕೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚೌಕಟ್ಟನ್ನು ರೂಪಿಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್. 1959ರಿಂದ ಆರಂಭವಾದ ಲೇಖನಮಾಲೆಯಲ್ಲಿ ಅವರು ನಾಲ್ಕು ಹಂತಗಳನ್ನು ಗುರುತಿಸಿದರು. ಮೊದಲನೆಯದು ಪ್ರತಿಕ್ರಿಯೆ: ತರಬೇತಿಯು ಕೆಲಸಗಾರನಿಗೆ ಹಿಡಿಸಿತೇ? ಎರಡನೆಯದು ಕಲಿಕೆ: ಅವನಿಗೆ ವಿಷಯ ಅರ್ಥವಾಯಿತೇ, ಕೈಗೆ ಹತ್ತಿತೇ? ಮೂರನೆಯದು ನಡವಳಿಕೆ: ಕಲಿತದ್ದನ್ನು ಮರಳಿ ಬಂದ ಮೇಲೆ ಕೆಲಸದಲ್ಲಿ ಬಳಸುತ್ತಿದ್ದಾನೆಯೇ? ನಾಲ್ಕನೆಯದು ಫಲಿತಾಂಶ: ಅದರಿಂದ ಸಂಸ್ಥೆಯ ಉತ್ಪಾದನೆ, ಗುಣಮಟ್ಟ, ವೆಚ್ಚಗಳಲ್ಲಿ ಬದಲಾವಣೆ ಕಂಡಿತೇ?

ಅಭಿಪ್ರಾಯ ಪತ್ರವು ಅಳೆಯುವುದು ಮೊದಲ ಮೆಟ್ಟಿಲನ್ನು ಮಾತ್ರ. ಊಟ ಚೆನ್ನಾಗಿದ್ದು, ಬೋಧಕರು ಹಾಸ್ಯಪ್ರಿಯರಾಗಿದ್ದರೆ ಐದಕ್ಕೆ ಐದು ಅಂಕ ದೊರೆಯುವುದು ಕಷ್ಟವಲ್ಲ. ಆದರೆ ಮೊದಲ ಮೆಟ್ಟಿಲನ್ನು ಹತ್ತಿದ ಮಾತ್ರಕ್ಕೆ ನಾಲ್ಕನೆಯದನ್ನು ತಲುಪಿದಂತಾಗುವುದಿಲ್ಲ. ಕಲಿತು ಬಂದವನ ಕೈಗೆ ಸವೆದ ಗೇಜನ್ನೇ ಮತ್ತೆ ಕೊಟ್ಟರೆ, ಅಥವಾ ‘ಇಲ್ಲಿ ಅದೆಲ್ಲ ನಡೆಯುವುದಿಲ್ಲ’ ಎಂದು ಮೇಸ್ತ್ರಿ ಗದರಿಸಿದರೆ, ಕಲಿಕೆಯು ಎರಡನೆಯ ಮೆಟ್ಟಿಲಿನಲ್ಲೇ ನಿಂತುಹೋಗುತ್ತದೆ.

ಐಎಸ್ಒ 9001 ಪ್ರಮಾಣಪತ್ರ ಪಡೆದ ಘಟಕಗಳಿಗೆ ಈ ವಿಷಯ ಹೊಸದಲ್ಲ. ಆ ಮಾನದಂಡದ 2015ರ ಆವೃತ್ತಿಯ 7.2ನೇ ವಿಭಾಗವು, ಸಿಬ್ಬಂದಿಯ ಸಾಮರ್ಥ್ಯ ಹೆಚ್ಚಿಸಲು ಕೈಗೊಂಡ ಕ್ರಮಗಳು ಪರಿಣಾಮಕಾರಿಯಾದವೇ ಎಂಬುದರ ಮೌಲ್ಯಮಾಪನವನ್ನೂ ಸಾಮರ್ಥ್ಯದ ದಾಖಲೆಯನ್ನೂ ಅಪೇಕ್ಷಿಸುತ್ತದೆ. ಆಡಿಟ್‌ನ ಹಿಂದಿನ ದಿನ ನಮೂನೆ ತುಂಬಿ ಕಡತಕ್ಕೆ ಸೇರಿಸಿದರೆ ಆಡಿಟ್ ಮುಗಿಯಬಹುದು, ಉದ್ದೇಶ ಈಡೇರುವುದಿಲ್ಲ.

ಬೆಂಗಳೂರಿನ ಒಂದು ಪ್ರಯೋಗ

ಫಲವನ್ನು ನಿಜವಾಗಿ ಅಳೆಯುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವು ದೂರದ ದೇಶದಲ್ಲಿಲ್ಲ, ಬೆಂಗಳೂರಿನಲ್ಲೇ ಇದೆ. ಸಿದ್ಧ ಉಡುಪು ರಫ್ತು ಸಂಸ್ಥೆಯಾದ ಶಾಹಿ ಎಕ್ಸ್‌ಪೋರ್ಟ್ಸ್‌ನ ಇಲ್ಲಿನ ಐದು ಕಾರ್ಖಾನೆಗಳಲ್ಲಿ ಮಹಿಳಾ ಕಾರ್ಮಿಕರಿಗೆ ‘ಪೇಸ್’ ಎಂಬ ತರಬೇತಿಯನ್ನು ನೀಡಲಾಯಿತು. ಗ್ಯಾಪ್ ಸಂಸ್ಥೆ 2007ರಲ್ಲಿ ಆರಂಭಿಸಿದ ಕಾರ್ಯಕ್ರಮವಿದು. ಸುಮಾರು 80 ಗಂಟೆಗಳ ಈ ತರಬೇತಿಯಲ್ಲಿ ಹೊಲಿಗೆಯ ಪಾಠವಿರಲಿಲ್ಲ. ಸಂವಹನ, ಸಮಯದ ನಿರ್ವಹಣೆ, ಸಮಸ್ಯೆ ಪರಿಹಾರ, ಹಣಕಾಸಿನ ತಿಳಿವಳಿಕೆ ಇತ್ಯಾದಿಗಳೇ ಅದರ ವಿಷಯಗಳು.

ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನೈಷಧಂ ಇದರ ಮೌಲ್ಯಮಾಪನ ನಡೆಸಿದರು. ಆಸಕ್ತಿ ತೋರಿದ ಕಾರ್ಮಿಕರಲ್ಲಿ ಯಾರಿಗೆ ತರಬೇತಿ ಎಂಬುದನ್ನು ಚೀಟಿ ಎತ್ತುವ ರೀತಿಯಲ್ಲಿ ನಿರ್ಧರಿಸಲಾಯಿತು. ಹೀಗಾಗಿ ತರಬೇತಿ ಪಡೆದವರು ಮತ್ತು ಪಡೆಯದವರ ನಡುವೆ ಮೊದಲಿಗೆ ವ್ಯತ್ಯಾಸವಿರಲಿಲ್ಲ. ನಂತರ ಕಂಡ ವ್ಯತ್ಯಾಸವನ್ನು ತರಬೇತಿಯ ಫಲವೆಂದು ನಂಬಬಹುದಾಗಿತ್ತು.

2018ರಲ್ಲಿ ಮೊದಲು ಹೊರಬಂದು, 2023ರಲ್ಲಿ ಪ್ರತಿಷ್ಠಿತ ಅರ್ಥಶಾಸ್ತ್ರ ನಿಯತಕಾಲಿಕದಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ತರಬೇತಿ ಪಡೆದವರ ಉತ್ಪಾದಕತೆಯು ಶೇಕಡ 13ಕ್ಕಿಂತ ಹೆಚ್ಚು ಏರಿತ್ತು. ತರಬೇತಿ ಮುಗಿದ ಎಂಟು ತಿಂಗಳಲ್ಲಿ ಸಂಸ್ಥೆಗೆ ದೊರೆತ ನಿವ್ವಳ ಪ್ರತಿಫಲವು ವೆಚ್ಚದ ಎರಡೂವರೆ ಪಟ್ಟಿಗೂ ಮಿಗಿಲು. ‘ಕಲಿಸಿದರೆ ಕಲಿತವರು ಬೇರೆ ಕಡೆಗೆ ಹೋಗುತ್ತಾರೆ’ ಎಂಬುದು ಅನೇಕ ಮಾಲೀಕರ ಭಯ. ಇಲ್ಲಿ ತರಬೇತಿ ಪಡೆದವರು ಇತರರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಕೆಲಸ ಬಿಡಲಿಲ್ಲ.

ಇದೇ ಲೆಕ್ಕವು ಇನ್ನೊಂದು ಸತ್ಯವನ್ನೂ ಹೊರಗೆಡವಿತು. ತರಬೇತಿ ಪಡೆದವರ ವೇತನದಲ್ಲಿ ಉಂಟಾದ ಏರಿಕೆ ಶೇಕಡ ಅರ್ಧದಷ್ಟು ಮಾತ್ರ. ಲಾಭದ ಬಹುಪಾಲು ಮಾಲೀಕರ ಕಡೆಗೇ ಉಳಿಯಿತು. ಫಲವನ್ನು ಅಳೆದ ಮೇಲೆ ಅದರ ಹಂಚಿಕೆಯ ಪ್ರಶ್ನೆಯೂ ಎದುರಾಗುತ್ತದೆ ಎಂಬುದನ್ನು ಉದ್ಯಮಿಗಳು ಗಮನದಲ್ಲಿಡುವುದು ಒಳಿತು.

ಯಾರನ್ನು ಕಳುಹಿಸಬೇಕು?

ಭಾರತದ ಸಿದ್ಧ ಉಡುಪು ಕಾರ್ಖಾನೆಗಳಲ್ಲೇ ನಡೆದ ಮತ್ತೊಂದು ಅಧ್ಯಯನವು 2023ರಲ್ಲಿ ಹೊರಬಂದಿತು. ಅದರ ಫಲಿತಾಂಶ ಇನ್ನಷ್ಟು ಅಚ್ಚರಿಯದು. ಲೈನ್ ಸೂಪರ್‌ವೈಸರ್‌ಗಳಲ್ಲಿ ತರಬೇತಿಗೆ ಯಾರನ್ನು ಕಳುಹಿಸಬೇಕೆಂದು ಅವರ ಮೇಲಿನ ಮ್ಯಾನೇಜರ್‌ಗಳನ್ನು ಕೇಳಿ ಶಿಫಾರಸಿನ ಕ್ರಮಾಂಕ ಪಡೆಯಲಾಯಿತು. ನಂತರ ಆ ಕ್ರಮಾಂಕವನ್ನು ಕಾಯ್ದುಕೊಂಡೇ, ತರಬೇತಿಗೆ ಹೋಗುವವರನ್ನು ಚೀಟಿಯ ಮೂಲಕ ಆಯ್ಕೆ ಮಾಡಲಾಯಿತು. ಬಲವಾದ ಶಿಫಾರಸು ಪಡೆದಿದ್ದವರಲ್ಲಿ ಉತ್ಪಾದಕತೆಯ ಏರಿಕೆ ಕಾಣಲಿಲ್ಲ. ಕಡಿಮೆ ಶಿಫಾರಸು ಪಡೆದಿದ್ದವರಲ್ಲಿ ಮಾತ್ರ ಶೇಕಡ 12ರಷ್ಟು ಏರಿಕೆ ಕಂಡಿತು.

ಇದಕ್ಕೆ ಮ್ಯಾನೇಜರ್‌ಗಳ ಪಕ್ಷಪಾತವಾಗಲಿ ಅಜ್ಞಾನವಾಗಲಿ ಕಾರಣವಲ್ಲವೆಂದು ಸಂಶೋಧಕರು ಕಂಡುಕೊಂಡರು. ಸೂಪರ್‌ವೈಸರ್ ಕೆಲಸ ಬಿಟ್ಟರೆ ಹೊಸಬರನ್ನು ಹುಡುಕಿ ಪಳಗಿಸುವ ಶ್ರಮವು ಮ್ಯಾನೇಜರ್‌ಗಳ ತಲೆಯ ಮೇಲೇ ಬೀಳುತ್ತದೆ. ಆದುದರಿಂದ, ತರಬೇತಿ ದೊರೆತರೆ ಕೆಲಸದಲ್ಲಿ ಉಳಿಯುವಂಥವರನ್ನು ಅವರು ಮುಂದಿಟ್ಟಿದ್ದರು. ಅವರ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಸಂಸ್ಥೆಗೆ ಬೇಕಾಗಿದ್ದ ಉತ್ಪಾದಕತೆಯ ಲಾಭ ಬೇರೆಡೆ ಇತ್ತು. ಅಳೆಯದೇ ಇದ್ದಿದ್ದರೆ ‘ಒಳ್ಳೆಯವರನ್ನೇ ಕಳುಹಿಸಿದೆವು, ಆದರೂ ಪ್ರಯೋಜನವಾಗಲಿಲ್ಲ’ ಎಂದು ತರಬೇತಿಯನ್ನೇ ದೂರಲಾಗುತ್ತಿತ್ತು.

ಸಣ್ಣ ಘಟಕದ ಲೆಕ್ಕ

ಸಂಶೋಧಕರ ತಂಡವಿಲ್ಲದ ಸಣ್ಣ ಘಟಕವೂ ಇದೇ ತತ್ವವನ್ನು ಒಂದು ನೋಟ್‌ಪುಸ್ತಕದಲ್ಲಿ ಅನುಸರಿಸಬಹುದು. ಉದಾಹರಣೆಗೆ, ಲೇತ್ ಯಂತ್ರಗಳ ಮೇಲೆ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ಹನ್ನೆರಡು ಮಂದಿ ಆಪರೇಟರ್‌ಗಳಿದ್ದಾರೆಂದು ಭಾವಿಸಬಹುದು. ಅವರಲ್ಲಿ ಆರು ಮಂದಿಯನ್ನು ಮೂರು ದಿನಗಳ ತರಬೇತಿಗೆ ಕಳುಹಿಸಲಾಗುತ್ತದೆ. ಶುಲ್ಕ ತಲಾ 3,000 ರೂಪಾಯಿಯಂತೆ 18,000. ಮೂರು ದಿನಗಳ ಕೂಲಿ ದಿನಕ್ಕೆ 700ರಂತೆ 12,600. ಯಂತ್ರಗಳು ನಿಂತದ್ದರಿಂದ ತಪ್ಪಿದ ಲಾಭ 9,400. ಒಟ್ಟು ವೆಚ್ಚ 40,000 ರೂಪಾಯಿ. ಬಹುತೇಕ ಮಾಲೀಕರು ಶುಲ್ಕವನ್ನು ಮಾತ್ರ ವೆಚ್ಚವೆಂದು ಬರೆದುಕೊಂಡು ಉಳಿದೆರಡನ್ನು ಮರೆಯುತ್ತಾರೆ.

ತರಬೇತಿಗೆ ಮೊದಲು ಎರಡೂ ಗುಂಪುಗಳಲ್ಲಿ ನೂರಕ್ಕೆ 6 ನಗಗಳು ತಿರಸ್ಕೃತವಾಗುತ್ತಿದ್ದವು. ಮೂರು ತಿಂಗಳ ನಂತರ ತರಬೇತಿ ಪಡೆದವರಲ್ಲಿ ಅದು 3.5ಕ್ಕೆ ಇಳಿದಿದೆ. ಆರು ಮಂದಿಯ ತಿಂಗಳ ಉತ್ಪಾದನೆ 12,000 ನಗ, ತಿರಸ್ಕೃತ ನಗವೊಂದರ ನಷ್ಟ 60 ರೂಪಾಯಿ ಎಂದಾದರೆ, ತಿಂಗಳಿಗೆ 300 ನಗ, ಅಂದರೆ 18,000 ರೂಪಾಯಿ ಉಳಿತಾಯವಾದಂತೆ ತೋರುತ್ತದೆ. ಆದರೆ ತರಬೇತಿ ಪಡೆಯದ ಆರು ಮಂದಿಯಲ್ಲೂ ತಿರಸ್ಕಾರವು 6ರಿಂದ 5ಕ್ಕೆ ಇಳಿದಿದೆ. ಅದೇ ಅವಧಿಯಲ್ಲಿ ಉತ್ತಮ ಕಚ್ಚಾಮಾಲು ಬಂದದ್ದು ಅದಕ್ಕೆ ಕಾರಣವಿರಬಹುದು. ಆ ಒಂದು ಅಂಶವನ್ನು ಕಳೆದರೆ ತರಬೇತಿಯಿಂದಾದ ಇಳಿಕೆ ನೂರಕ್ಕೆ 1.5, ತಿಂಗಳಿಗೆ 180 ನಗ, 10,800 ರೂಪಾಯಿ. ವೆಚ್ಚ ಮರಳಲು ಎರಡು ತಿಂಗಳಲ್ಲ, ನಾಲ್ಕು ತಿಂಗಳು ಬೇಕು. ಆದರೂ ಇದು ಲಾಭದ ವ್ಯವಹಾರವೇ.

ಈ ಲೆಕ್ಕಕ್ಕೆ ಬೇಕಾದುದು ಮೂರೇ ಅಂಶಗಳು. ತರಬೇತಿಗೆ ಮೊದಲೇ ಅಳತೆಯನ್ನು ಬರೆದಿಡಬೇಕು. ನಂತರ ನೆನಪಿನಿಂದ ಬರೆದ ಅಂಕಿಗೆ ಬೆಲೆಯಿಲ್ಲ. ಎಲ್ಲರನ್ನೂ ಒಟ್ಟಿಗೆ ಕಳುಹಿಸದೆ ಎರಡು ತಂಡಗಳಾಗಿ ಕಳುಹಿಸಬೇಕು. ಮೊದಲ ತಂಡವನ್ನು ಚೀಟಿ ಎತ್ತಿ ಆರಿಸಿದರೆ ಹೋಲಿಕೆಯೂ ನ್ಯಾಯವಾಗಿರುತ್ತದೆ, ಅಸಮಾಧಾನವೂ ಇರುವುದಿಲ್ಲ. ಮೂರು ತಿಂಗಳ ನಂತರ, ಮತ್ತೆ ಆರು ತಿಂಗಳ ನಂತರ ಅದೇ ಅಳತೆಯನ್ನು ಮರಳಿ ತೆಗೆದುಕೊಳ್ಳಬೇಕು. ಹತ್ತು ಹನ್ನೆರಡು ಮಂದಿಯ ಅಂಕಿಗಳಲ್ಲಿ ಆಕಸ್ಮಿಕ ಏರಿಳಿತ ಇರುವುದು ಸಹಜವಾದ್ದರಿಂದ ಒಂದು ತಿಂಗಳ ಫಲಿತಾಂಶ ನೋಡಿ ತೀರ್ಮಾನಕ್ಕೆ ಬರಬಾರದು.

ವ್ಯಾಪಾರಸ್ಥರಿಗೂ ಇದು ಅನ್ವಯಿಸುತ್ತದೆ. ಬಿಲ್ಲಿಂಗ್ ಸಿಬ್ಬಂದಿಗೆ ಜಿಎಸ್‌ಟಿ ತರಬೇತಿ ಕೊಡಿಸಿದರೆ, ತಿಂಗಳಿಗೆ ತಿದ್ದಬೇಕಾಗಿ ಬಂದ ಇನ್‌ವಾಯ್ಸ್‌ಗಳು, ರದ್ದುಪಡಿಸಿದ ಇ-ವೇ ಬಿಲ್‌ಗಳು ಎಷ್ಟೆಂದು ಎಣಿಸಬಹುದು. ಗೋದಾಮಿನ ಕೆಲಸಗಾರರಿಗಾದರೆ ಒಡೆದ, ತಪ್ಪಿ ರವಾನೆಯಾದ ಸರಕಿನ ಲೆಕ್ಕ ಸಾಕು. ಯಾವ ಅಂಕಿಯನ್ನು ಬದಲಾಯಿಸಬೇಕೆಂದು ಮೊದಲೇ ಹೇಳಲಾಗದಿದ್ದರೆ, ಆ ತರಬೇತಿಯ ಅಗತ್ಯವಿದೆಯೇ ಎಂಬುದನ್ನೇ ಇನ್ನೊಮ್ಮೆ ಯೋಚಿಸುವುದು ಲೇಸು.

ಲೆಕ್ಕವು ಪ್ರತಿ ಬಾರಿಯೂ ತರಬೇತಿಯ ಪರವಾಗಿಯೇ ಬರಬೇಕೆಂದಿಲ್ಲ. ಕೆಲವೊಮ್ಮೆ ದೋಷವಿರುವುದು ಕೆಲಸಗಾರನ ಕೈಯಲ್ಲಲ್ಲ, ಯಂತ್ರದಲ್ಲೋ ಕಚ್ಚಾಮಾಲಿನಲ್ಲೋ ಮೇಲ್ವಿಚಾರಣೆಯಲ್ಲೋ ಇದೆಯೆಂದು ತಿಳಿದುಬರಬಹುದು. ಅದು ತಿಳಿದರೂ ಹಾಕಿದ ಹಣ ವ್ಯರ್ಥವಲ್ಲ. ಮುಂದಿನ ವರ್ಷದ ಖರ್ಚನ್ನು ಕಡಿತಗೊಳಿಸಲು ಕುಳಿತಾಗ, ಉಳಿಸಬೇಕಾದ ಬೆಳೆ ಯಾವುದು, ಕೀಳಬೇಕಾದ ಕಳೆ ಯಾವುದು ಎಂಬುದನ್ನು ಹೇಳಲು ಆಗ ಪುಸ್ತಕದಲ್ಲಿ ಎರಡನೆಯ ಸಾಲೊಂದು ಇರುತ್ತದೆ.