ತಲೆ ಅಳೆದವನು ಮಗುವನ್ನು ಕಂಡ ಕತೆ

ಇಪ್ಪತ್ತನೆಯ ಶತಮಾನ ಆಗಷ್ಟೇ ಶುರುವಾಗಿತ್ತು. ಪ್ಯಾರಿಸ್ಸಿನಲ್ಲಿ ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿನ ಹಣೆಬರಹವನ್ನು ವೈದ್ಯರ ಸರ್ಟಿಫಿಕೇಟು ತೀರ್ಮಾನಿಸುತ್ತಿತ್ತು. ಒಂದು ಆಸ್ಪತ್ರೆ ಅತಿ ಕೆಳಗಿನ ದರ್ಜೆಯ ‘ಈಡಿಯಟ್’ ಎಂದು ಬರೆದ ಮಗುವನ್ನು ಕೆಲವೇ ದಿನಗಳ ನಂತರ ಇನ್ನೊಂದು ಆಸ್ಪತ್ರೆ ಅದಕ್ಕಿಂತ ಮೇಲಿನ ‘ಇಂಬೆಸೈಲ್’ ಎಂದು ದಾಖಲಿಸಿಕೊಳ್ಳುತ್ತಿತ್ತು. ಮತ್ತೊಂದರ ಪ್ರಕಾರ ಅದು ಬರೀ ಮಂದಬುದ್ಧಿಯ ಮಗು. ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಇಂಥ ಸರ್ಟಿಫಿಕೇಟುಗಳನ್ನು ರಾಶಿರಾಶಿಯಾಗಿ ತರಿಸಿಕೊಂಡು, ಒಂದೇ ಮಗುವಿನವನ್ನು ಅಕ್ಕಪಕ್ಕ ಇಟ್ಟು ಓದಿದ. ಮಗು ಅದೇ, ವೈದ್ಯರು ಮಾತ್ರ ಬೇರೆ. ಬಿನೆಗೆ ಇದರಿಂದ ಆಶ್ಚರ್ಯಕ್ಕಿಂತ ಕಳವಳವೇ ಹೆಚ್ಚಾಯಿತು. ನೋಡುವವರ ಮನಸ್ಸು ಕಣ್ಣಿಗೆ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಆತ ಇಪ್ಪತ್ತು ವರ್ಷಗಳ ಹಿಂದೆಯೇ ಬಲು ದುಬಾರಿಯಾಗಿ ಕಲಿತಿದ್ದ.

ನೀಸ್ ನಗರದಲ್ಲಿ 1857ರಲ್ಲಿ ಹುಟ್ಟಿದ ಬಿನೆ ಓದಿದ್ದು ಕಾನೂನು. ಅದು ರುಚಿಸದೆ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂತು ತಾನೇ ಮನೋವಿಜ್ಞಾನ ಕಲಿತ. 1883ರಲ್ಲಿ ಸಾಲ್‌ಪೆತ್ರಿಯೇರ್ ಆಸ್ಪತ್ರೆಯಲ್ಲಿ, ಯುರೋಪೇ ತಲೆಬಾಗುತ್ತಿದ್ದ ನರರೋಗ ತಜ್ಞ ಶಾರ್ಕೊನ ಬಳಿ ಸೇರಿಕೊಂಡ. ಅಲ್ಲಿ ಫೆರೆ ಎಂಬ ವೈದ್ಯನ ಜೊತೆ ಸೇರಿ ಸಂಮೋಹನಕ್ಕೊಳಗಾದ ರೋಗಿಗಳ ಮೇಲೆ ಅಯಸ್ಕಾಂತದ ಪ್ರಯೋಗ ಶುರು ಮಾಡಿದ. ಅಯಸ್ಕಾಂತ ಹತ್ತಿರ ತಂದರೆ ಬಲಗೈಯ ಮರಗಟ್ಟುವಿಕೆ ಎಡಗೈಗೆ ಹಾರುತ್ತಿತ್ತು! ಇಬ್ಬರೂ ಸಂಭ್ರಮದಿಂದ ಲೇಖನ ಬರೆದರು. ಬೆಲ್ಜಿಯಮ್ಮಿನ ಮನೋವಿಜ್ಞಾನಿ ಡೆಲ್ಬೂಫ್‌ಗೆ ನಂಬಿಕೆ ಬರಲಿಲ್ಲ. ಪ್ಯಾರಿಸ್ಸಿಗೇ ಬಂದು ನೋಡಿದ. ಅಯಸ್ಕಾಂತವನ್ನು ರೋಗಿಯ ಕಣ್ಣೆದುರೇ ಹಿಡಿಯುತ್ತಿದ್ದರು, ಏನಾಗಬೇಕು ಎಂಬುದನ್ನು ಆಕೆಗೆ ಕೇಳಿಸುವಂತೆಯೇ ಮಾತಾಡಿಕೊಳ್ಳುತ್ತಿದ್ದರು. ಡೆಲ್ಬೂಫ್ ಊರಿಗೆ ಮರಳಿ ಎಚ್ಚರದಿಂದ ಪ್ರಯೋಗ ಮಾಡಿದಾಗ ಪವಾಡ ಮಾಯವಾಯಿತು. ಕೆಲಸ ಮಾಡಿದ್ದು ಅಯಸ್ಕಾಂತವಲ್ಲ, ಸೂಚನೆ. ಬಿನೆ ಕೆಲಕಾಲ ವಾದಿಸಿದ, ಕೊನೆಗೆ ಎಲ್ಲರೆದುರು ಸೋಲು ಒಪ್ಪಿಕೊಂಡ. ಮೂವತ್ತರ ಆಸುಪಾಸಿನಲ್ಲಿ ಕೈಯಲ್ಲಿ ಹುದ್ದೆಯೂ ಇರಲಿಲ್ಲ, ಹೆಸರೂ ಉಳಿದಿರಲಿಲ್ಲ.

ಉಳಿದದ್ದು ಮನೆ. ಅಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಮ್ಯಾಡಲೀನ್ ಮತ್ತು ಆಲಿಸ್. ಬೇರೆ ಪ್ರಯೋಗಶಾಲೆಯಿಲ್ಲದ ಅಪ್ಪ ಅವರನ್ನೇ ಗಮನಿಸತೊಡಗಿದ. ನಡೆಯಲು ಕಲಿಯುವಾಗ ಮ್ಯಾಡಲೀನ್ ಗಂಭೀರವಾಗಿ ಮುಂದಿನ ಕುರ್ಚಿ ಎಷ್ಟು ದೂರವಿದೆ ಎಂದು ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದಳು. ಆಲಿಸ್ ಕೇಕೆ ಹಾಕಿ ನಗುತ್ತ, ಆಸರೆಯೇ ಇಲ್ಲದ ಕೋಣೆಯ ನಡುವಿಗೆ ತಟ್ಟಾಡುತ್ತ ಹೋಗಿಬಿಡುತ್ತಿದ್ದಳು. ಎರಡು ಗೆರೆಗಳಲ್ಲಿ ಯಾವುದು ಉದ್ದ ಎಂದು ಕೇಳಿದರೆ ಈ ಮಕ್ಕಳು ಹೆಚ್ಚುಕಡಿಮೆ ದೊಡ್ಡವರಷ್ಟೇ ಚೆನ್ನಾಗಿ ಹೇಳುತ್ತಿದ್ದರು. ಚಾಕು ಅಂದರೇನು, ಬ್ರೆಡ್ಡು ಅಂದರೇನು ಎಂದು ಕೇಳಿದರೆ ಮಾತ್ರ ಉತ್ತರ ಬೇರೆ: ಅದು ಕತ್ತರಿಸೋಕೆ. ಬ್ರೆಡ್ಡು ತಿನ್ನೋಕೆ. ವಸ್ತು ಏನು ಎಂಬುದಕ್ಕಿಂತ ಅದರಿಂದ ಏನು ಮಾಡಬಹುದು ಎಂಬುದೇ ಪುಟ್ಟ ಮಕ್ಕಳಿಗೆ ಮುಖ್ಯವಾಗಿತ್ತು. ಬಿನೆ ಇದನ್ನೆಲ್ಲ ಬರೆದಿಟ್ಟುಕೊಂಡ. ಆಗ ಲಂಡನ್ನು, ಅಮೆರಿಕಗಳಲ್ಲಿ ಬುದ್ಧಿಯನ್ನು ಅಳೆಯ ಹೊರಟವರು ಕಣ್ಣಿನ ಚುರುಕು, ಕೈಯ ವೇಗಗಳ ಬೆನ್ನು ಹತ್ತಿದ್ದರು. ಮಕ್ಕಳು ದೊಡ್ಡವರಿಂದ ಬೇರೆಯಾಗುವುದು ಕಣ್ಣಲ್ಲೂ ಅಲ್ಲ, ಕೈಯಲ್ಲೂ ಅಲ್ಲ, ಯೋಚನೆಯಲ್ಲಿ ಎಂಬ ಸುಳಿವು ಆ ಮನೆಯಲ್ಲಿ ಸಿಕ್ಕಿತ್ತು. ಅದರ ಬೆಲೆ ಬಿನೆಗೆ ಪೂರ್ತಿ ತಿಳಿಯಲು ಇನ್ನೂ ಹದಿನೈದು ವರ್ಷ ಬೇಕಾಯಿತು.

ಅದೃಷ್ಟ ತಿರುಗಿದ್ದು ರೈಲು ನಿಲ್ದಾಣದಲ್ಲಿ. 1891ರಲ್ಲಿ ರುವಾನ್ ಊರಿನ ಪ್ಲಾಟ್‌ಫಾರ್ಮಿನಲ್ಲಿ ಬಿನೆಗೆ ಆಕಸ್ಮಿಕವಾಗಿ ಆನ್ರಿ ಬೋನಿ ಎದುರಾದ. ಸೋರ್ಬಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಯೋಗಾಲಯದ ಮುಖ್ಯಸ್ಥ ಆತ, ಸಂಮೋಹನದ ಜಗಳದಲ್ಲಿ ಎದುರು ಪಾಳಯದವನು. ಬಿನೆ ಸಂಕೋಚ ಬಿಟ್ಟು, ನಿಮ್ಮಲ್ಲಿ ಕೆಲಸ ಮಾಡಲು ಅವಕಾಶ ಕೊಡಿ ಎಂದು ಕೇಳಿದ. ಸಂಬಳವಿಲ್ಲದ ಕೆಲಸ. ಬೋನಿ ಹಳೆಯ ಜಗಳ ಮರೆತು ಒಪ್ಪಿದ. ಕೆಲವೇ ವರ್ಷಗಳಲ್ಲಿ ಬಿನೆ ಅದೇ ಪ್ರಯೋಗಾಲಯದ ನಿರ್ದೇಶಕನಾದ.

ಅಲ್ಲಿಂದ ಆತ ಹಿಡಿದ ದಾರಿಯೂ ತಪ್ಪಿತ್ತು. ಜಾಣರ ತಲೆ ದೊಡ್ಡದು ಎಂಬುದು ಆ ಕಾಲದ ಗಟ್ಟಿ ನಂಬಿಕೆ. ಬಿನೆಗೂ ಅದರಲ್ಲಿ ಅನುಮಾನವಿರಲಿಲ್ಲ. ಶಾಲೆಯಿಂದ ಶಾಲೆಗೆ ಹೋಗಿ, ಮೇಷ್ಟ್ರುಗಳು ತೋರಿಸಿದ ಅತಿ ಜಾಣ ಮತ್ತು ಅತಿ ಹಿಂದುಳಿದ ಹುಡುಗರನ್ನು ಕೂರಿಸಿ ತಲೆ ಅಳೆದ. ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ವ್ಯತ್ಯಾಸ ಕಂಡಲ್ಲಿಯೂ ಅದು ಒಂದು ಮಿಲಿಮೀಟರಿನ ಆಸುಪಾಸು. ಆಗ ಹಳೆಯ ಗಾಯ ಎಚ್ಚರಿಸಿತು. ಈ ಹುಡುಗ ಜಾಣ ಎಂದು ಮೊದಲೇ ಗೊತ್ತಿದ್ದರೆ, ಅಳೆಯುವ ತನ್ನ ಕೈಯೇ ಗೊತ್ತಿಲ್ಲದಂತೆ ಆ ತಲೆಗೆ ಒಂದು ಮಿಲಿಮೀಟರು ಸೇರಿಸುತ್ತಿರಬಹುದಲ್ಲ? ಆಸ್ಪತ್ರೆಯಲ್ಲಿ ರೋಗಿಗೆ ಸೂಚನೆ ಕೊಟ್ಟಿದ್ದವನು ಈಗ ತನಗೆ ತಾನೇ ಸೂಚನೆ ಕೊಟ್ಟುಕೊಳ್ಳುತ್ತಿದ್ದ. ಈ ಅನುಮಾನವನ್ನು ಆತ ಮುಚ್ಚಿಡಲಿಲ್ಲ, ತನ್ನ ಲೇಖನದಲ್ಲೇ ಬರೆದ. 1900ರ ಹೊತ್ತಿಗೆ ತಲೆಯ ಅಳತೆಯಿಂದ ಬುದ್ಧಿ ತಿಳಿಯುವ ಆಸೆ ಬಿಟ್ಟ.

ಅಷ್ಟರಲ್ಲಿ ಒಬ್ಬ ಯುವ ವೈದ್ಯ ಬಾಗಿಲು ತಟ್ಟಿದ್ದ. ತೆಯೋಡೋರ್ ಸಿಮೋನ್ ಪೆರೆ-ವೋಕ್ಲೂಸ್‌ನ ಆಸ್ಪತ್ರೆಯಲ್ಲಿ, ಬುದ್ಧಿ ಬೆಳೆಯದ ಹುಡುಗರ ವಸತಿಯಲ್ಲಿ ಕೆಲಸ ಮಾಡುತ್ತಿದ್ದ. ಬಿನೆ ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಹೊಸಬನ ತಾಳ್ಮೆಯನ್ನು ಚೆನ್ನಾಗಿ ಪರೀಕ್ಷಿಸಿಯೇ ಜೊತೆಗೆ ಸೇರಿಸಿಕೊಂಡ. ಹೊರಗೆ ಶಾಲೆಗಳಲ್ಲೂ ಒತ್ತಡ ಹೆಚ್ಚುತ್ತಿತ್ತು. 1882ರ ಕಾನೂನು ಆರರಿಂದ ಹದಿಮೂರು ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ಕಡ್ಡಾಯ ಮಾಡಿತ್ತು. ಅಲ್ಲಿಯವರೆಗೆ ಶಾಲೆಯ ಕಣ್ಣಿಗೇ ಬೀಳದಿದ್ದ ಮಕ್ಕಳು ಈಗ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರನ್ನು ಹುಚ್ಚಾಸ್ಪತ್ರೆಗಳಿಗೆ ಹೊಂದಿಕೊಂಡ ಶಾಲೆಗಳಲ್ಲಿಡಬೇಕು ಎಂಬ ವಾದ ಬಲವಾಗಿತ್ತು. 1904ರ ಅಕ್ಟೋಬರಿನಲ್ಲಿ ಸರ್ಕಾರ ಮಾಜಿ ಪ್ರಧಾನಿ ಲಿಯೋನ್ ಬೂರ್ಜ್ವಾ ನೇತೃತ್ವದಲ್ಲಿ ಆಯೋಗ ನೇಮಿಸಿತು. ಬಿನೆ ಅದರ ಸದಸ್ಯ. ಸರಿಯಾದ ಪರೀಕ್ಷೆಯಿಲ್ಲದೆ ಯಾವ ಮಗುವನ್ನೂ ಸಾಮಾನ್ಯ ಶಾಲೆಯಿಂದ ತೆಗೆಯಬಾರದು ಎಂದು ಆಯೋಗ ತೀರ್ಮಾನಿಸಿತು. ಆ ಪರೀಕ್ಷೆ ಯಾವುದು ಎಂಬುದನ್ನು ಮಾತ್ರ ಹೇಳಲಿಲ್ಲ.

ಮೇಷ್ಟ್ರನ್ನು ಕೇಳಿದರೆ ಸಾಲದೆ? ತಂಟೆಕೋರನನ್ನು ತರಗತಿಯಿಂದ ಸಾಗಹಾಕಲು ದಡ್ಡನೆಂದು ಬರೆದುಬಿಡುವ ಮೇಷ್ಟ್ರು ಇದ್ದರು. ಮನೆಯವರ ಮಾತನ್ನೂ ಪೂರ್ತಿ ನಂಬುವಂತಿರಲಿಲ್ಲ. ಮಗನ ಕುಂದನ್ನು ಮುಚ್ಚಿಡುವವರಿದ್ದಂತೆ, ಅವನನ್ನು ಎಲ್ಲಾದರೂ ಸೇರಿಸಿ ಕೈತೊಳೆದುಕೊಳ್ಳುವವರೂ ಇದ್ದರು. ವಿಶೇಷ ಶಾಲೆಗೆ ಹೋದ ಗುರುತು ಜೀವನಪೂರ್ತಿ ಅಂಟಿಕೊಳ್ಳುತ್ತದೆ ಎಂಬ ಭಯ ಬಿನೆಯನ್ನು ಬಿಡಲಿಲ್ಲ.

ಬಿನೆ ಮತ್ತು ಸಿಮೋನ್ ಆಸ್ಪತ್ರೆಯ ಮಕ್ಕಳ ಮುಂದೆ ಕೂತು ಒಂದೊಂದೇ ಪ್ರಶ್ನೆ ಹೊಸೆಯತೊಡಗಿದರು. ಓದು ಬರಹ ಬೇಕಾಗುವ ಪ್ರಶ್ನೆ ಬೇಡ. ಶಾಲೆ ತಪ್ಪಿಸಿಕೊಂಡವನೂ ಬುದ್ಧಿ ಕಡಿಮೆಯವನೂ ಬೇರೆ ಬೇರೆ. ಸದ್ದಿಲ್ಲದ ಕೋಣೆಗೆ ಮಗುವನ್ನು ಪ್ರೀತಿಯಿಂದ ಕರೆತರುತ್ತಿದ್ದರು. ಉರಿಯುವ ಬೆಂಕಿಕಡ್ಡಿಯನ್ನು ಮಗುವಿನ ಮುಖದೆದುರು ನಿಧಾನ ಆಡಿಸಿ, ಕಣ್ಣು ಹಿಂಬಾಲಿಸುತ್ತದೆಯೇ ಎಂದು ನೋಡುತ್ತಿದ್ದರು. ಒಂದು ಚೂರು ಚಾಕಲೇಟು, ಅಷ್ಟೇ ಗಾತ್ರದ ಮರದ ತುಂಡು: ಮಗು ಯಾವುದನ್ನು ಬಾಯಿಗಿಡುತ್ತದೆ? ಚಾಕಲೇಟನ್ನು ಕಾಗದದಲ್ಲಿ ಸುತ್ತಿ ಕೊಟ್ಟರೆ ಬಿಚ್ಚುತ್ತದೆಯೇ? ಮೂರು ಅಂಕಿ ಹೇಳಿದರೆ ಮರಳಿ ಹೇಳುತ್ತದೆಯೇ? ನೊಣಕ್ಕೂ ಚಿಟ್ಟೆಗೂ ಏನು ವ್ಯತ್ಯಾಸ? ಹೀಗೆ ಹೋಗಿ ಹೋಗಿ, ಬೇಸರಕ್ಕೂ ದುಃಖಕ್ಕೂ ಇರುವ ವ್ಯತ್ಯಾಸದವರೆಗೆ.

ಚಿತ್ರ ತೋರಿಸಿ ಕಿಟಕಿ ಎಲ್ಲಿ ಎಂದು ಕೇಳುವ ನಡುವೆ, ‘ಪತಪೂಮ್ ಎಲ್ಲಿದೆ? ನಿಚೆವೋ ಎಲ್ಲಿದೆ?’ ಎಂದೂ ಕೇಳಿದರು. ಅಂಥ ವಸ್ತುಗಳೇ ಇಲ್ಲ. ಅನೇಕ ಮಕ್ಕಳು ಮರುಮಾತಿಲ್ಲದೆ ಚಿತ್ರದ ಯಾವುದೋ ಮೂಲೆಗೆ ಬೆರಳಿಟ್ಟರು. ಸಿಕ್ಕಿತು ಗುರುತು ಎಂದುಕೊಳ್ಳುವಷ್ಟರಲ್ಲಿ ಸಾಮಾನ್ಯ ಶಾಲೆಯ ಪುಟ್ಟ ಮಕ್ಕಳೂ ಅದನ್ನೇ ಮಾಡಿದರು. ದೊಡ್ಡವರು ಕೇಳಿದ ಮೇಲೆ ಇದ್ದೇ ಇರಬೇಕು ಎಂಬ ನಂಬಿಕೆ ಎಲ್ಲ ಮಕ್ಕಳದೂ. ಸೂಚನೆಗೆ ಬಾಗುವುದು ಬುದ್ಧಿಯ ಕೊರತೆಯ ಲಕ್ಷಣವಲ್ಲ ಎಂದು ಬಿನೆ ಬರೆದುಕೊಂಡ. ಬೇರೆ ಪ್ರಶ್ನೆಗಳ ಗತಿಯೂ ಹೀಗೇ ಆಯಿತು. ಆಸ್ಪತ್ರೆಯ ಹುಡುಗ ಸೋತ ಪ್ರಶ್ನೆಯಲ್ಲಿ ಊರಿನ ಆರೋಗ್ಯವಂತ ಮಗುವೂ ಸೋಲುತ್ತಿತ್ತು. ಇತ್ತ ಸಾಮಾನ್ಯರು, ಅತ್ತ ಹಿಂದುಳಿದವರು ಎಂದು ಗೆರೆ ಎಳೆದು ತೋರಿಸುವ ಒಂದೇ ಒಂದು ಪ್ರಶ್ನೆಯೂ ಕೈಗೆ ಸಿಗಲಿಲ್ಲ.

ಆ ಸೋಲುಗಳ ರಾಶಿಯಲ್ಲೇ ಉತ್ತರವಿತ್ತು. ಸೋತ ಆರೋಗ್ಯವಂತ ಮಗುವಿಗೆ ವಯಸ್ಸೆಷ್ಟು? ಆಸ್ಪತ್ರೆಯ ದೊಡ್ಡ ಹುಡುಗ ತಡವರಿಸಿದಲ್ಲೇ ತಡವರಿಸಿದ್ದು ಮೂರು ವರ್ಷದ, ಐದು ವರ್ಷದ ಮಕ್ಕಳು. ಅಲ್ಲಿಂದ ಇಬ್ಬರೂ ಆಸ್ಪತ್ರೆ ಬಿಟ್ಟು ಶಿಶುವಿಹಾರಗಳಿಗೆ, ಪ್ರಾಥಮಿಕ ಶಾಲೆಗಳಿಗೆ ನಡೆದರು. ಮೂರು, ಐದು, ಏಳು, ಒಂಬತ್ತು, ಹನ್ನೊಂದು ವರ್ಷದ ಸುಮಾರು ಐವತ್ತು ಸಾಧಾರಣ ಮಕ್ಕಳ ಮುಂದೆ ಅವೇ ಪ್ರಶ್ನೆಗಳನ್ನಿಟ್ಟರು. 1905ರಲ್ಲಿ ಸುಲಭದಿಂದ ಕಷ್ಟಕ್ಕೆ ಏರುವ ಮೂವತ್ತು ಪ್ರಶ್ನೆಗಳ ಮಾಪಕ ಪ್ರಕಟವಾಯಿತು. ಅದೇ ವರ್ಷ ಪ್ಯಾರಿಸ್ಸಿನ ಬಡ ಬಡಾವಣೆಯೊಂದರಲ್ಲಿ, ಗ್ರಾಂಜ್-ಒ-ಬೆಲ್ ಬೀದಿಯ ಶಾಲೆಯಲ್ಲಿ, ಹೆಡ್‌ಮಾಸ್ಟರ್ ವಿಕ್ಟರ್ ವಾನೆ ಜೊತೆ ಬಿನೆ ಪ್ರಯೋಗಾಲಯ ತೆರೆದ. ಒಂಬತ್ತು ತುಂಬದ ಮಗು ಓದಿನಲ್ಲಿ ಎರಡು ವರ್ಷ, ದೊಡ್ಡ ಮಗು ಮೂರು ವರ್ಷ ಹಿಂದಿದ್ದರೆ ಮಾತ್ರ ಪರೀಕ್ಷೆಗೆ ಕರೆಯುವುದು ಎಂದು ಗೊತ್ತುಮಾಡಿದರು. ಅದಕ್ಕೂ ಮುಂಚೆ ಮಗುವಿನ ಕಣ್ಣು ನೋಡಬೇಕು. ದಡ್ಡರೆನಿಸಿಕೊಂಡವರಲ್ಲಿ ಕರಿಹಲಗೆಯೇ ಸರಿಯಾಗಿ ಕಾಣದ ಮಕ್ಕಳಿದ್ದರು.

1908ರಲ್ಲಿ ಹೊಸ ಮಾಪಕ ಬಂತು. ಅದರಲ್ಲಿ ಪ್ರಶ್ನೆಗಳನ್ನು ಮೂರರಿಂದ ಹದಿಮೂರರವರೆಗೆ ವಯಸ್ಸಿನ ಪ್ರಕಾರ ಜೋಡಿಸಲಾಗಿತ್ತು. ಐದು ವರ್ಷದ ಬಹುತೇಕ ಮಕ್ಕಳು ಮಾಡಬಲ್ಲದ್ದು ಐದರ ಮೆಟ್ಟಿಲು. ಉಪಯೋಗ ಹೇಳಿ ವಸ್ತುವನ್ನು ವಿವರಿಸುವುದು ಆರರ ಮೆಟ್ಟಿಲು, ಅದಕ್ಕಿಂತ ಮೇಲಿನ ವಿವರಣೆ ಒಂಬತ್ತರದು. ಬಹಳ ಹಿಂದೆ ಮನೆಯಲ್ಲಿ ಕೇಳಿದ ಚಾಕು, ಬ್ರೆಡ್ಡಿನ ಉತ್ತರಗಳಿಗೂ ಅಲ್ಲಿ ಜಾಗ ಸಿಕ್ಕಿತು. ಮರುವರ್ಷ, 1909ರ ಏಪ್ರಿಲ್‌ನಲ್ಲಿ, ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗಾಗಿ ಸಾಮಾನ್ಯ ಶಾಲೆಗಳಲ್ಲೇ ವಿಶೇಷ ತರಗತಿ ತೆರೆಯಲು ಫ್ರಾನ್ಸ್ ಕಾನೂನು ಮಾಡಿತು. ಇನ್ನೊಮ್ಮೆ ತಿದ್ದಿದ ಮಾಪಕವನ್ನು 1911ರಲ್ಲಿ ಹೊರತಂದ ಬಿನೆ ಅದೇ ವರ್ಷ, ಐವತ್ನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗುವಿನ ಬುದ್ಧಿ ಇಷ್ಟೇ, ಹೆಚ್ಚಾಗದು ಎನ್ನುವವರ ವಿರುದ್ಧ ಕೊನೆಯವರೆಗೂ ಬರೆದ. ಅವನ ನಂತರ ಅಮೆರಿಕದಲ್ಲಿ ಈ ಮಾಪಕವನ್ನು ಮಕ್ಕಳ ಹಣೆಗೆ ಅಂಟಿಸುವ ಒಂದೇ ಅಂಕಿಯನ್ನಾಗಿ ಮಾಡಿದ್ದು ಬಿನೆಯ ಆಶಯಕ್ಕೆ ಬಗೆದ ದ್ರೋಹ.

ಮಾಪಕ ಹಡಗೇರಿ ನಮ್ಮ ಕಡೆಗೂ ಬಂತು. ಫ್ರಾನ್ಸಿನ ನಾಣ್ಯ, ಅಲ್ಲಿಯ ಮಾತು ಇಲ್ಲಿಯ ಮಗುವಿಗೆ ಏನು ಗೊತ್ತು? 1930ರ ದಶಕದಲ್ಲಿ ಮುಂಬೈ-ಕರ್ನಾಟಕ ಭಾಗದಲ್ಲಿ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನೇ ಪರೀಕ್ಷಿಸಿ ಮೆಟ್ಟಿಲುಗಳನ್ನು ಹೊಸದಾಗಿ ಜೋಡಿಸಿದರು. ಅವರ ಪುಸ್ತಕ 1940ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ನಮ್ಮ ಆಸ್ಪತ್ರೆಗಳಲ್ಲಿ, ವಿಶೇಷ ಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇಷ್ಟೆಲ್ಲ ಸೋಲಿನ ಕೊನೆಗೆ ಬಿನೆ ಕಂಡುಕೊಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಕಲಿಕೆಯಲ್ಲಿ ಹಿಂದೆ ಬಿದ್ದ ಮಗು ಬೇರೆ ಜಾತಿಯ ಜೀವವಲ್ಲ. ಎಲ್ಲ ಮಕ್ಕಳೂ ಹತ್ತುವ ಮೆಟ್ಟಿಲುಗಳನ್ನೇ ಅದೂ ಹತ್ತುತ್ತದೆ, ತಡವಾಗಿ ಹತ್ತುತ್ತದೆ. ಅದು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಅದೇ ಊರಿನ, ಅದೇ ಭಾಷೆಯ ಮಕ್ಕಳ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ನೋಡಿದ ಮೇಲೆ ಕಲಿಸುವವರಿಗೆ ಪಾಠ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.