ರೈತ ಚಳವಳಿ ಮತ್ತು ನೀರಿನ ಲೆಕ್ಕ
(ಬಳಗಾನೂರಿನ ರೈತರೊಬ್ಬರಿಂದ)

ಚಳವಳಿಯೆಂದರೆ ಘೋಷಣೆ, ಮೆರವಣಿಗೆ, ರಸ್ತೆ ತಡೆ ಎಂಬ ಭಾವನೆ ಸಾಮಾನ್ಯ. ಇವು ಹೊರಗೆ ಕಾಣುವ ರೂಪ ಮಾತ್ರ. ಅದರ ತಿರುಳು ಒಂದು ಲೆಕ್ಕ: ನಾವು ಕೊಟ್ಟದ್ದೆಷ್ಟು, ನಮಗೆ ಬಂದದ್ದೆಷ್ಟು?

ಈ ಪ್ರಶ್ನೆ ಕರ್ನಾಟಕದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಮಲಪ್ರಭಾ ಅಚ್ಚುಕಟ್ಟಿನಲ್ಲಿ. ಕಾಲುವೆಯಿಂದ ಭೂಮಿಯ ಬೆಲೆ ಹೆಚ್ಚುತ್ತದೆಂದು ಸರ್ಕಾರ ನೀರಿನ ಕರದ ಜೊತೆಗೆ ಬೆಟರ್‌ಮೆಂಟ್ ಲೆವಿಯನ್ನೂ ಹೇರಿತ್ತು. ಆದರೆ ಎಷ್ಟೋ ಹೊಲಗಳಿಗೆ ನೀರು ಸರಿಯಾಗಿ ತಲುಪಿರಲಿಲ್ಲ. ತಲುಪಿದ ಕಡೆ ಕೆಲವು ಭೂಮಿ ಜೌಗಾಗಿ ಸವಳಾಯಿತು. ಹತ್ತಿಯ ಬೆಲೆಯೂ ಬಿತ್ತು. ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ಪ್ರತಿಭಟನೆ ಗಲಭೆಗೆ ತಿರುಗಿತು. ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು, ಪೊಲೀಸರೂ ಸತ್ತರು. ಇಂದಿಗೂ ಆ ದಿನವನ್ನು ರೈತ ಹುತಾತ್ಮರ ದಿನವಾಗಿ ಆಚರಿಸಲಾಗುತ್ತದೆ.

ಅದೇ ವರ್ಷ ಶಿವಮೊಗ್ಗದ ಕಡೆಯಿಂದ ರಾಜ್ಯ ರೈತ ಸಂಘ ರೂಪುಗೊಂಡಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಮುಂತಾದವರು ಅದನ್ನು ಕಟ್ಟಿದರು. ಅನುಮತಿಯಿಲ್ಲದೆ ಸಾಲ ವಸೂಲಿಗೆ ಬರಬಾರದೆಂದು ಊರ ಬಾಗಿಲಲ್ಲಿ ಬೋರ್ಡು ನಿಂತವು. ಜಪ್ತಿಯಾದ ಸಾಮಾನನ್ನು ರೈತರು ಗುಂಪಾಗಿ ಹೋಗಿ ಮರಳಿ ತಂದರು. ಅಡಿಕೆಯ ನಾಡಿನಲ್ಲಿ ಬೆಳೆದ ಹಸಿರು ಶಾಲು ಬಯಲುಸೀಮೆಗೂ ಬಂತು.

ನಮ್ಮಲ್ಲಿಯ ಪ್ರಶ್ನೆ

ನಿಮ್ಮ ತೋಟಗಳ ಸೀಮೆಯಲ್ಲಿ ಹುಟ್ಟಿದ ತುಂಗೆ, ಭದ್ರೆಯರ ನೀರೇ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಂತು ಎಡದಂಡೆ ಕಾಲುವೆಯಿಂದ ನಮ್ಮ ಸೀಮೆಗೆ ಬರುತ್ತದೆ. ಕಾಲುವೆಯ ಉದ್ದ ೨೨೭ ಕಿ.ಮೀ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ಲೆಕ್ಕಕ್ಕೆ ಹಿಡಿದು ಇದನ್ನು ಯೋಜಿಸಲಾಯಿತು. ಆದರೆ ಹರಡಿದ್ದು ಭತ್ತ. ೧೩೩ ಟಿ.ಎಂ.ಸಿ. ಇದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು ೧೦೫ಕ್ಕೆ ಇಳಿದಿದೆ. ಮೇಲ್ಭಾಗದಲ್ಲಿ ಗದ್ದೆ ತುಂಬಿರುವಾಗ ಕೊನೆಯ ಭಾಗದಲ್ಲಿ ತೆನೆ ಕಟ್ಟುವ ಭತ್ತ ಒಣಗುತ್ತದೆ.

ಇಲ್ಲಿ ಸಂಕಟವೊಂದಿದೆ. ನರಗುಂದದಲ್ಲಿ ಎದುರಿಗಿದ್ದದ್ದು ಸರ್ಕಾರ. ನಮ್ಮಲ್ಲಿ ತೂಬು ತೆರೆದುಕೊಂಡವನೂ ರೈತನೇ, ಬೀಗನೇ. ಅವನ ವಿರುದ್ಧ ಧಿಕ್ಕಾರ ಕೂಗಿ ನೀರು ಬರುವುದಿಲ್ಲ.

ಧರಣಿಗಳಲ್ಲಿ ಕುಳಿತು ನಾನು ಕಂಡದ್ದಿಷ್ಟು:

೧. “ನೀರು ಕೊಡಿ” ಎಂದಾಗ ಭರವಸೆ ಸಿಗುತ್ತದೆ. “ಈ ಗೇಜಿನಲ್ಲಿ ಇಂತಿಷ್ಟು ಅಡಿ ನೀರು, ಇಂಥ ದಿನದವರೆಗೆ” ಎಂದಾಗ ಉತ್ತರ ಕೊಡಲೇಬೇಕಾಗುತ್ತದೆ.

೨. ಗೇಜಿನ ಮಟ್ಟವನ್ನು ದಿನವೂ ಬರೆದಿಟ್ಟ ಒಂದು ನೋಟ್‌ಬುಕ್ಕು ನೂರು ಭಾಷಣಕ್ಕೆ ಸಮ.

೩. ಮೇಲ್ಭಾಗದವರನ್ನೂ ಕೂಡಿಸಿಕೊಂಡು ಸರದಿ ಗೊತ್ತುಮಾಡಿದರೆ ಮಾತ್ರ ಗೆಲುವು ಉಳಿಯುತ್ತದೆ.

ಬೆಳೆಗಾರ ಬಾಂಧವರಿಗೂ ಇದು ಹೊರತಲ್ಲ. ಕಾಫಿ ಪೂಲ್ ಪದ್ಧತಿ ೧೯೯೬ರಲ್ಲಿ ಪೂರ್ಣ ಕೊನೆಗೊಂಡಿತು. ಅಲ್ಲಿಯವರೆಗೆ ಕಂತಿನ ಹಣಕ್ಕೆ ಕಾದವರು ಅನಂತರ ಮಾರುಕಟ್ಟೆಯನ್ನು ನೇರವಾಗಿ ಎದುರಿಸಬೇಕಾಯಿತು. ತೂಕ, ತೇವಾಂಶ, ದರ, ಕಡಿತ ಇವುಗಳ ಚೀಟಿಗಳನ್ನು ಜೋಪಾನವಾಗಿಡಿ. ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿಸಿ, ಪ್ರಶ್ನಿಸಿ. ಲೆಕ್ಕ ಕೈಯಲ್ಲಿದ್ದವನ ದನಿಗೆ ಬೀದಿಯಲ್ಲೂ ಸಭೆಯಲ್ಲೂ ತೂಕವಿರುತ್ತದೆ.